ಕೈಗೆ ಕೊಟ್ಟ ಕಬ್ಬಿಣ

ಮೊದಲ ಮಳೆ ಬಿದ್ದ ಮೇಲೆ ಅಂಗಡಿಗಳ ಶಟರ್‌ಗಳಿಗೆ ಒಂದು ವಾಸನೆ ಬರುತ್ತದೆ. ತುಕ್ಕು, ಗ್ರೀಸು, ಜೊತೆಗೆ ಒದ್ದೆ ಗೋಣಿಚೀಲದ ಒಂದಿಷ್ಟು ಮುಗ್ಗಲು. ಹೋದ ವಾರ ಫಾಸ್ಟಿಂಗ್ ಬ್ಲಡ್ ಟೆಸ್ಟಿಗೆಂದು ಬೆಳಗ್ಗೆಯೇ ಗೋರೆಗಾಂವ್ ಸ್ಟೇಷನ್ ಕಡೆಗೆ ಹೋಗಿದ್ದೆ. ರಕ್ತ ಕೊಟ್ಟು, ಮೊಣಕೈ ಒಳಗೆ ಹತ್ತಿ ಒತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಕೊಡೆ ಬಿಚ್ಚಲು ಒಂದು ಕೈ ಸಾಲದೆ ಹತ್ತಿರ ಕಂಡ ಸೂರಿನ ಕೆಳಗೆ ನಿಂತೆ. ಎರಚಲು ಬಾರದಿರಲೆಂದು ಅರ್ಧಕ್ಕೆ ಇಳಿಸಿದ್ದ ಶಟರ್ ನನ್ನ ಹೆಗಲ ಪಕ್ಕದಲ್ಲೇ ಇತ್ತು. ಬೋರ್ಡು ನೋಡಿರಲಿಲ್ಲ. ಆ ವಾಸನೆ ಬಂದ ಮೇಲೇ ನಾನು ಯಾವ ಹೋಟೆಲಿನ ಮುಂದೆ ನಿಂತಿದ್ದೇನೆಂದು ತಿಳಿದದ್ದು. ಆ ಫುಟ್‌ಪಾತನ್ನು ನಾನು ಬೇಕೆಂದೇ ತಪ್ಪಿಸುತ್ತ ಬಂದಿದ್ದೆ. ಎದೆ ಡವಗುಟ್ಟಲಿಲ್ಲ, ಕಣ್ಣು ತುಂಬಲಿಲ್ಲ. ಡೆಂಟಿಸ್ಟ್ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಮುಟ್ಟಿಕೊಂಡರೆ ಬೇರೆ ಯಾರದೋ ತುಟಿ ಮುಟ್ಟಿದ ಹಾಗಿರುತ್ತದಲ್ಲ, ಹಾಗಿತ್ತು. ಆ ವರ್ಷವೆಲ್ಲ ನಾನು ಹಾಗೆಯೇ ಇದ್ದೆ.

ಆ ವರ್ಷ ಎಂದರೆ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ, ನನ್ನ ತಮ್ಮ ರಘುವಿನ ಮೇಲೆ ಕೇಸು ನಡೆದ ವರ್ಷ.

ರಘು ನನಗಿಂತ ಬಹಳ ಚಿಕ್ಕವನು. ಮದುವೆಯಾಗಲಿಲ್ಲ. ವಿಮಾ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದು ರಿಟೈರ್ ಆದ. ನನ್ನ ಯಜಮಾನರು ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾನೆ. ಅವನಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ಈ ಒಂದು ವಾಕ್ಯವನ್ನು ಹೀಗೆ ನೇರವಾಗಿ ಬರೆಯಲು ನನಗೆ ಎಪ್ಪತ್ತು ದಾಟಬೇಕಾಯಿತು. ಮೈಸೂರಿನ ನಮ್ಮ ಮನೆಯಲ್ಲಿ ಆ ಮಾತು ಆಡುವ ಹಾಗಿರಲಿಲ್ಲ. "ನಮ್ಮ ರಘುಗೆ ಪಿತ್ತ ಜಾಸ್ತಿ" ಎನ್ನುತ್ತಿದ್ದರು ಅಮ್ಮ. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು ಮದುವೆಗಿದ್ದೆವು. ಮೂರ್ಛೆ ರೋಗವಿರುವ ಮನೆಯಿಂದ ಹೆಣ್ಣು ತರುವವರು ಯಾರು? ಹಾಗಾಗಿ ಅದು ಪಿತ್ತ. ನಮ್ಮ ಮೂವರ ಮದುವೆಯೂ ಆಯಿತು, ಅಮ್ಮನೂ ಹೋದರು, ಪಿತ್ತ ಮಾತ್ರ ಹಾಗೆಯೇ ಉಳಿಯಿತು. ಮುಂಬಯಿಯಲ್ಲೂ ಅವನನ್ನು ತೋರಿಸಲು ನಾನು ಪರೇಲ್‌ನ ಆಸ್ಪತ್ರೆಯವರೆಗೆ ಕರೆದುಕೊಂಡು ಹೋಗುತ್ತಿದ್ದೆ, ಗೋರೆಗಾಂವ್‌ನವರು ಯಾರೂ ಅಲ್ಲಿ ಎದುರಾಗುವುದಿಲ್ಲವೆಂದು. ಬಿಲ್ಡಿಂಗಿನಲ್ಲಿ ಯಾರಾದರೂ ಕೇಳಿದರೆ, "ಹಿ ಹ್ಯಾಸ್ ಅ ಬಿಟ್ ಆಫ್ ಆಸಿಡಿಟಿ" ಎನ್ನುತ್ತಿದ್ದೆ. ಪಿತ್ತದ ಇಂಗ್ಲಿಷು ಅಷ್ಟೇ ಅದು.

ಕಾನ್ವೆಂಟಿನಲ್ಲಿ ಸಿಸ್ಟರ್ ಬೆನಡಿಕ್ಟಾ ಎಂಬುವರು ನಮಗೆ ಸೈನ್ಸ್ ಹೇಳಿಕೊಡುತ್ತಿದ್ದರು. ಬೋರ್ಡಿನ ಒಂದು ಕಡೆ ತೋಳು, ಇನ್ನೊಂದು ಕಡೆ ಹೃದಯ ಬರೆದು, ತೋಳಿನ ಕೆಳಗೆ ವಾಲಂಟರಿ, ಹೃದಯದ ಕೆಳಗೆ ಇನ್‌ವಾಲಂಟರಿ ಎಂದು ಬರೆದರು. ಕೈ ನೀವು ಹೇಳಿದರೆ ಏಳುತ್ತದೆ ಗರ್ಲ್ಸ್, ಹೃದಯ ನಿಮ್ಮ ಮಾತು ಕೇಳುವುದಿಲ್ಲ ಎಂದರು. ನಮ್ಮ ಮನೆಯ ನಡುಕೋಣೆಯಲ್ಲಿ ರಘುವಿನ ಕೈ ನೆಲಕ್ಕೆ ಬಡಿಯುತ್ತಿದ್ದದ್ದನ್ನು ಹಿಂದಿನ ವಾರವಷ್ಟೇ ನಾನು ನೋಡಿದ್ದೆ. ಅದು ಯಾವ ಕಡೆಗೆ ಸೇರುತ್ತದೆಂದು ಕೇಳಬೇಕೆನಿಸಿತು. ಕೈ ಎತ್ತಲಿಲ್ಲ. ಪಿತ್ತದ ಮಾತು ಮನೆಯಿಂದ ಹೊರಗೆ ಹೋಗಬಾರದಿತ್ತು. ಆ ಪ್ರಶ್ನೆಯನ್ನು ಕೊನೆಗೆ ಕೇಳಿದ್ದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ, ಅದೂ ನಾನಲ್ಲ.

ರಘು ಬೆಳಗ್ಗೆ ಪೇಪರ್ ಕೊಂಡು ಈ ಹೋಟೆಲಿಗೆ ಬರುತ್ತಿದ್ದ. ಇಡ್ಲಿ ವಡೆ, ಒಂದು ಫಿಲ್ಟರ್ ಕಾಫಿ. ಫ್ಯಾನಿನ ಕೆಳಗಿನ ಮೂಲೆ ಟೇಬಲ್ಲು ಅವನದು. ಗಲ್ಲಾದಲ್ಲಿ ಕೂರುತ್ತಿದ್ದವರು ಭುಜಂಗಣ್ಣ. ಉಡುಪಿ ಕಡೆಯವರು, ಕುರ್ಲಾದ ಒಂದು ಚಾಳಿನಲ್ಲಿ ಮನೆ. ಬೆಳಗಿನ ಲೋಕಲ್ ಹಿಡಿದು ಬಂದು ಶಟರ್ ತೆಗೆಯುವವರೂ ಅವರೇ. ಆ ಶಟರ್ ಎಳೆಯಲು ಒಂದು ಕಬ್ಬಿಣದ ಸರಳು ಇರುತ್ತದೆ, ತುದಿಯಲ್ಲಿ ಕೊಕ್ಕೆ ಇರುವಂಥದ್ದು. ಅದು ಗಲ್ಲಾದ ಪಕ್ಕದ ಗೋಡೆಗೆ ಒರಗಿರುತ್ತಿತ್ತು. ರಘು ಅಲ್ಲಿಗೆ ವರ್ಷಗಟ್ಟಲೆ ಹೋಗಿದ್ದಾನೆ. ಅಲ್ಲಿ ಒಮ್ಮೆಯೂ ಅವನಿಗೆ ಫಿಟ್ಸ್ ಬಂದಿರಲಿಲ್ಲ. ಅವನಿಗೆ ಅದು ಇದೆಯೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಿಂದಿನ ದಿನ ಇಬ್ಬರಿಗೂ ಮಾತಾಗಿತ್ತು. ಆಫೀಸಿನವರ ರಶ್ಶು, ಜನ ತಟ್ಟೆ ಹಿಡಿದು ನಿಂತಿದ್ದಾರೆ, ಇವನು ಖಾಲಿ ಕಾಫಿ ಲೋಟ ಮುಂದಿಟ್ಟುಕೊಂಡು ಪೇಪರ್ ಓದುತ್ತ ಕೂತಿದ್ದಾನೆ.

"ರಾಯರೇ, ಇದು ಹೋಟೆಲು. ಲೈಬ್ರರಿ ಅಲ್ಲ" ಎಂದರಂತೆ ಭುಜಂಗಣ್ಣ ಗಲ್ಲಾದಿಂದಲೇ.

"ನಿಮ್ಮ ಇಡ್ಲಿ ಬೇಯೋವರೆಗೂ ನಾನು ಕಾಯ್ತೀನಲ್ಲ, ಆಗ ಯಾರಾದ್ರೂ ಏನಾದ್ರೂ ಅಂತಾರಾ" ಎಂದನಂತೆ ಇವನು.

"ಹಾಗಾದ್ರೆ ನಾಳೆಯಿಂದ ಹಾಸಿಗೆ ತನ್ನಿ."

ಸುತ್ತಲಿನವರು ನಕ್ಕರು. ರಘು ಪೇಪರನ್ನು ಟೇಬಲ್ಲಿಗೆ ಬಡಿದು, ನಾಳೆ ಬರುತ್ತೇನೆ ನೋಡಿಕೊಳ್ಳುತ್ತೇನೆ ಎಂದು ಹಿಂದಿಯಲ್ಲಿ ಜೋರಾಗಿ ಹೇಳಿ ಎದ್ದು ಬಂದ. ಮನೆಗೆ ಬಂದು ನನ್ನ ಹತ್ತಿರ ಆ ಹಾಸಿಗೆಯ ಮಾತನ್ನು ಹೇಳಿ ತಾನೂ ನಕ್ಕ. ಆ ನಗು ನಡೆದದ್ದು ನಮ್ಮ ಅಡುಗೆಮನೆಯಲ್ಲಿ. ಹೋಟೆಲಿನಲ್ಲಿ ಜನ ನೋಡಿದ್ದು ಬಡಿದ ಪೇಪರು ಮಾತ್ರ.

ಮರುದಿನ ಅವನು ಹೋದ. ನಾನು ಬೀನ್ಸ್ ಹೆಚ್ಚುತ್ತಿದ್ದೆ, ಫೋನ್ ಬಂತು. ಹೋಟೆಲಿನಲ್ಲಿ ರಘು ಶಟರ್ ಕೊಕ್ಕೆಯಿಂದ ಭುಜಂಗಣ್ಣನ ಕಣ್ಣಿಗೆ ಹೊಡೆದಿದ್ದಾನೆ, ಪೊಲೀಸರು ಕರೆದುಕೊಂಡು ಹೋಗಿದ್ದಾರೆ. ನಾನು ಉಳಿದ ಬೀನ್ಸ್ ಹೆಚ್ಚಿ ಮುಗಿಸಿ, ನೀರಿಗೆ ಹಾಕಿ, ಆಮೇಲೆ ಸೀರೆ ಬದಲಿಸಿದೆ. ಯಾಕೆ ಹಾಗೆ ಮಾಡಿದೆನೆಂದು ಈಗಲೂ ತಿಳಿಯದು.

ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ರಘು ಕೂತಿದ್ದ. ಪ್ಯಾಂಟು ಒದ್ದೆಯಾಗಿತ್ತು, ತುಟಿಯ ಒಳಗೆ ಕಚ್ಚಿಕೊಂಡ ಗಾಯ. ನೋಡಿದ ತಕ್ಷಣ ನನಗೆ ಗೊತ್ತಾಯಿತು. ಫಿಟ್ಸ್ ಬಂದು ಹೋದ ಮೇಲೆ ಅವನ ಮುಖ ಹಾಗಿರುತ್ತದೆ, ನಿದ್ದೆಯಿಂದ ಎಬ್ಬಿಸಿ ಬೇರೆ ಊರಿನಲ್ಲಿ ನಿಲ್ಲಿಸಿದ ಹಾಗೆ.

"ಅಕ್ಕ, ನಾನು ಯಾರನ್ನೋ ಹೊಡೆದ್ನಂತೆ" ಎಂದ. "ಹೊಡೆದ್ನಾ?"

"ನಿಂಗೇನು ನೆನಪಿದೆ?"

"ಕಾಫಿ ಬಂತು. ಬಿಸಿ ಇತ್ತು. ಅಷ್ಟೇ."

ಇನ್‌ಸ್ಪೆಕ್ಟರಿಗೆ ನಾನು ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ ಎಪಿಲೆಪ್ಸಿ ಎಂದು ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡು ಬಿಲ್ಡಿಂಗಿನವರನ್ನು ವಿಚಾರಿಸಿದರು. ಬಿಲ್ಡಿಂಗಿನವರು ನಮಗೆ ಒಳ್ಳೆಯದಾಗಲೆಂದು ಒಳ್ಳೆಯ ಮಾತೇ ಆಡಿದರು. ರಘುವಿಗೆ ಯಾವ ಕಾಯಿಲೆಯೂ ಇಲ್ಲ, ಗಟ್ಟಿಮುಟ್ಟು, ಸ್ವಲ್ಪ ಆಸಿಡಿಟಿ ಅಷ್ಟೇ ಎಂದರು. ಹೋಟೆಲಿನ ಗಿರಾಕಿಗಳು ಹಿಂದಿನ ದಿನದ ಜಗಳ ಹೇಳಿದರು. ಗಲಾಟೆ ಕೇಳಿ ತಿರುಗಿದಾಗ ಕೊಕ್ಕೆ ಅವನ ಕೈಯಲ್ಲಿದ್ದದ್ದನ್ನು ಕಂಡವರು ಇದ್ದರು, ಕೈಗೆ ಬಂದದ್ದನ್ನು ಕಂಡವರು ಇರಲಿಲ್ಲ. ಭುಜಂಗಣ್ಣನ ಹೇಳಿಕೆಯನ್ನು ಆಸ್ಪತ್ರೆಯಲ್ಲಿ ಬರೆದುಕೊಂಡರು. ಯಾರು ಹೊಡೆದರು? ರಾಯರು. ಯಾವುದರಿಂದ? ಶಟರ್ ಕೊಕ್ಕೆಯಿಂದ. ಅವರ ಎಡಗಣ್ಣು ಹೋಗಿತ್ತು.

ಲಾಕಪ್ಪಿನಲ್ಲಿ ರಘುವಿಗೆ ಇನ್ನೊಮ್ಮೆ ಫಿಟ್ಸ್ ಬಂತು. ಮಾತ್ರೆ ತಪ್ಪಿತ್ತು. ಮರುದಿನ ನಾನು ಹೋದಾಗ ವಯಸ್ಸಾದ ಒಬ್ಬ ಕಾನ್‌ಸ್ಟೇಬಲ್ ನನ್ನನ್ನು ಕೂರಿಸಿ, ನೀರು ಕೊಟ್ಟು, ಮರಾಠಿಯಲ್ಲಿ ಸಮಾಧಾನ ಹೇಳಿದ. ಹೆದರಬೇಡಿ ಆಜಿ, ನಾನೇ ಇದ್ದೆ, ಹಿಡಿದುಕೊಂಡು ಕೈಯಲ್ಲಿ ಲಾಕಪ್ಪಿನ ಬೀಗದ ಕೈ ಗೊಂಚಲು ಇಟ್ಟೆ, ಲಗೇಚ್ ಶಾಂತ್ ಝಾಲೇ, ತಕ್ಷಣ ಶಾಂತರಾದರು ಎಂದ. ಕಬ್ಬಿಣ ಕೈಗೆ ಬಂದರೆ ಕೂಡಲೇ ಇಳಿಯುತ್ತದೆ ಎಂದು ಅವನ ಅಜ್ಜಿ ಹೇಳಿಕೊಟ್ಟದ್ದಂತೆ.

ನಾನು ಆ ಗೊಂಚಲನ್ನೇ ನೋಡುತ್ತ ಕೂತೆ. ಮೈಸೂರಿನ ಮನೆಯಲ್ಲಿ ಅಮ್ಮನೂ ಹಾಗೆಯೇ ಮಾಡುತ್ತಿದ್ದರು. ರಘು ಬಿದ್ದರೆ ಉಗ್ರಾಣದ ಬೀಗದ ಕೈ ತರಲು ನನ್ನನ್ನೇ ಓಡಿಸುತ್ತಿದ್ದರು. ಆಮೇಲೆ ಕಾನ್ವೆಂಟಿನ ಬುದ್ಧಿ ಬಂದು ನಾನು ಅದನ್ನೆಲ್ಲ ಸೂಪರ್‌ಸ್ಟಿಷನ್ ಎಂದು ನಿಲ್ಲಿಸಿದ್ದೆ. ನಿಲ್ಲಿಸಿದ್ದಷ್ಟೇ ಅಲ್ಲ, ಊರಿನವರೆಲ್ಲ ಇನ್ನೂ ಅದನ್ನೇ ಮಾಡುತ್ತಾರೆ ಎಂಬುದನ್ನೂ ಮರೆತುಬಿಟ್ಟಿದ್ದೆ. ಹೋಟೆಲಿನಲ್ಲಿ ಯಾರೋ ಅವನಿಗೆ ಕಬ್ಬಿಣ ಕೊಟ್ಟಿದ್ದಾರೆ. ಗಲ್ಲಾದ ಹತ್ತಿರ ಕೈಗೆ ಸಿಗುವ ಕಬ್ಬಿಣ ಒಂದೇ.

ಬೇಲ್ ಸಿಕ್ಕಿತು. ವಕೀಲೆ ನಮ್ಮ ಬಿಲ್ಡಿಂಗಿನ ಕುಲಕರ್ಣಿಯವರ ಮಗಳು ಪ್ರಣೀತಾ. ಹುಟ್ಟಿದ್ದು ಬೆಳೆದದ್ದು ಎಲ್ಲ ಮುಂಬಯಿ. ಧಾರವಾಡದ ಅಜ್ಜಿಯಿಂದ ಕಲಿತ ಕನ್ನಡ ಅವಳದು, ನಡುವೆ ಶಬ್ದ ಸಿಗದಿದ್ದರೆ ಹಿಂದಿ ಹಾಕಿ ಮುಂದೆ ಹೋಗುತ್ತಾಳೆ. ನಮ್ಮ ಹಾಲ್‌ನಲ್ಲಿ ನೆಲದ ಮೇಲೇ ಕೂತು ವಿವರಿಸಿದಳು.

"ಆಂಟಿ, ಎರಡು ರಸ್ತಾ ಅದಾವ. ಒಂದು, ಅನ್‌ಸೌಂಡ್ ಮೈಂಡ್ ಅಂತ ಹೇಳೂದು. ಕಾನೂನಿನ್ಯಾಗ ಅದಕ್ಕ ಮಾಫಿ ಐತಿ. ಆದ್ರ ಬಿಟ್ಟ ಮ್ಯಾಲೂ ಕೋರ್ಟು ಅಂಕಲ್ ಅವರನ್ನ ಕಸ್ಟಡಿಗೆ, ಮತ್ಲಬ್, ಮೆಂಟಲ್ ಹಾಸ್ಪಿಟಲ್‌ಗೆ ಕಳಸಬಹುದು."

"ನಂಗೆ ಜೈಲೇ ವಾಸಿ" ಎಂದ ರಘು. "ಅಲ್ಲಿ ಲೈಬ್ರರಿ ಇರತ್ತಂತೆ. ಯಾರೂ ಎಬ್ಬಿಸಲ್ಲ."

ಪ್ರಣೀತಾ ಫೈಲಿನ ಹಾಳೆ ತಿರುಗಿಸಿದಳು.

"ಇನ್ನೊಂದು?" ಎಂದೆ.

"ಇನ್ನೊಂದು ಕಠಿಣ ಅದ. ಚಾರ್ಜಿನ್ಯಾಗೇ ಒಂದು ಶಬ್ದ ಐತಿ, ವಾಲಂಟರಿಲಿ. ತಾವಾಗಿ, ಬೇಕಂತ ಗಾಯ ಮಾಡಿದ್ರು ಅಂತ. ನಾವು ಏನಂತೀವಿ ಅಂದ್ರ, ಕೈ ಹೊಡೀತು, ಅಂಕಲ್ ಹೊಡೀಲಿಲ್ಲ. ಅದು ಆಕ್ಟೇ ಅಲ್ಲ. ಮರದ ಟೊಂಗಿ ಬಿದ್ದಂಗ."

"ಮರಕ್ಕೆ ಕೇಸು ಹಾಕಲ್ಲ" ಎಂದ ರಘು ಮೆತ್ತಗೆ.

"ಹೌದ್ರಿ. ಆದ್ರ ಮರ ಕೊಕ್ಕಿ ಹಿಡ್ಕೊಳ್ಳೂದಿಲ್ಲ ಅಂತಾರ ಅವರು."

ಕಷ್ಟ ಇದ್ದದ್ದು ಅಲ್ಲಿಯೇ. ಪರೇಲ್‌ನ ಡಾಕ್ಟರು ಎಷ್ಟೋ ವರ್ಷದಿಂದ ರಘುವನ್ನು ನೋಡಿದವರು, ಸಾಕ್ಷಿ ಹೇಳಲು ಒಪ್ಪಿದ್ದರು. ಆದರೆ ನಮಗೆ ಮೊದಲೇ ಹೇಳಿದರು. ಫಿಟ್ಸ್ ಬಂದ ಮನುಷ್ಯ ಎದ್ದುಹೋಗಿ ಗೋಡೆ ಪಕ್ಕದ ಸರಳು ಎತ್ತಿಕೊಳ್ಳುವುದಿಲ್ಲ, ಕೇಳಿದರೆ ನಾನು ಹಾಗೆಯೇ ಹೇಳಬೇಕಾಗುತ್ತದೆ ಎಂದು. ಅಂಗೈಯಲ್ಲಿ ಯಾರಾದರೂ ಇಟ್ಟರೆ ಮಾತ್ರ ಮುಷ್ಟಿ ಬಿಗಿಯುತ್ತದೆ, ಬಿಡುವುದಿಲ್ಲ. ಆಮೇಲಿನ ಮಂಪರಿನಲ್ಲಿ ಅದುಮಿ ಹಿಡಿದರೆ ಕೊಸರಾಡುತ್ತಾರೆ, ಕೈ ಎತ್ತ ಬೀಸಿತೆಂದು ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಇಡೀ ಕೇಸು ಒಂದೇ ಮಾತಿಗೆ ಬಂದು ನಿಂತಿತು. ಕೊಕ್ಕೆಯನ್ನು ರಘು ಎತ್ತಿಕೊಂಡನೇ, ಯಾರಾದರೂ ಕೊಟ್ಟರೇ. ಎತ್ತಿಕೊಂಡಿದ್ದರೆ ಜೈಲು, ಅವನ ವಯಸ್ಸಿಗೆ ವಾಪಸು ಬರುತ್ತಾನೆಂಬ ನಂಬಿಕೆ ಇಲ್ಲದಷ್ಟು ವರ್ಷ.

ಕೊಟ್ಟವರು ಭುಜಂಗಣ್ಣನೇ ಇರಬೇಕು. ಗಲ್ಲಾದ ಹತ್ತಿರ ಇದ್ದವರು ಅವರು. ಅವರನ್ನೇ ಕೇಳಿ ಬರುತ್ತೇನೆಂದು ನಾನು ಚಪ್ಪಲಿ ಮೆಟ್ಟಿಕೊಂಡೆ. ಪ್ರಣೀತಾ ಬಾಗಿಲಿಗೆ ಬಂದು ನಿಂತಳು.

"ಇಲ್ಲ ಆಂಟಿ. ಅವರು ಮೇನ್ ವಿಟ್ನೆಸ್. ನೀವು ಹಾಸ್ಪಿಟಲ್‌ಗೆ ಹೋಗಿ ಆ್ಯಪಲ್ ಕೊಟ್ಟ ಬಂದ್ರೂ ಟ್ಯಾಂಪರಿಂಗ್, ಸಾಕ್ಷಿ ಕೆಡಿಸಿದ್ರು ಅಂತಾರ. ಬೇಲ್ ಕ್ಯಾನ್ಸಲ್ ಆಗತದ."

"ಕಣ್ಣು ಹೋಗಿದೆ ಆ ಮನುಷ್ಯಂಗೆ. ಹೇಗಿದೀರಿ ಅಂತಾನೂ ಕೇಳಬಾರ್ದಾ?"

"ಕೇಳಬಾರದು. ಕೋರ್ಟಿನ್ಯಾಗ ನಾ ಕೇಳ್ತೀನಿ. ಒಂದೇ ಸಲ."

ಚಪ್ಪಲಿ ಬಿಟ್ಟೆ. ಆ ಮಳೆಗಾಲ, ಆಮೇಲಿನ ಗಣಪತಿ, ದೀಪಾವಳಿ, ಬೇಸಿಗೆ, ಎಲ್ಲ ಆ ಬಾಗಿಲ ಒಳಗೇ ಕಳೆದವು. ನೆನಪಿನಲ್ಲಿ ಉಳಿದದ್ದು ಬಹಳ ಕಡಿಮೆ. ಮಗ್ಗುಲ ಬಿಲ್ಡಿಂಗಿನ ಗೋಡೆಗೆ ಪಾಚಿ ಬಂತು, ಒಣಗಿತು. ನನ್ನ ಕಾನ್ವೆಂಟಿನ ಗೆಳತಿಯೊಬ್ಬಳು ಪ್ರೇಯರ್ ಮಾಡುತ್ತೇನೆಂದು ಫೋನಿನಲ್ಲಿ ಹೇಳಿದಳು, ಥ್ಯಾಂಕ್ಸ್ ಎಂದೆ. ಅನ್ನಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ತಿನ್ನುವಾಗಲೂ ತಿಳಿಯುತ್ತಿರಲಿಲ್ಲ, ರಘುವೂ ಹೇಳುತ್ತಿರಲಿಲ್ಲ.

ಅವನಲ್ಲಿ ಆದ ಬದಲಾವಣೆ ಒಂದೇ. ಬಲಗೈ ಬಳಸುವುದನ್ನು ಬಿಟ್ಟ. ಮೊದಮೊದಲು ನನ್ನ ಗಮನಕ್ಕೆ ಬರಲಿಲ್ಲ. ಲೋಕಲ್‌ನಲ್ಲಿ ಕೋರ್ಟಿಗೆ ಹೋಗುವಾಗ ಕಂಬಿಯನ್ನು ಎಡಗೈಯಲ್ಲಿ ಹಿಡಿದ, ಬಲಗೈ ಪ್ಯಾಂಟಿನ ಜೇಬಿನಲ್ಲೇ ಇತ್ತು. ಮನೆಯಲ್ಲಿ ಎಡಗೈಗೆ ಚಮಚ ಹಿಡಿದು ಅನ್ನ ಸಾರು ತಿಂದ. ಮಕ್ಕಳ ಹಾಗೆ ಚೆಲ್ಲುತ್ತಿತ್ತು.

"ಬಲಗೈಗೇನಾಗಿದೆಯೋ?"

"ಏನೂ ಆಗಿಲ್ಲ. ಅದು ಏನು ಮಾಡತ್ತೋ ಗೊತ್ತಿಲ್ಲ ಕಣಕ್ಕ."

"ಡಾಕ್ಟ್ರು ಹೇಳಿದಾರಲ್ಲ, ನೀನು ಮಾಡಿದ್ದಲ್ಲ ಅಂತ."

"ನಾನಲ್ಲದಿದ್ರೆ ಯಾರು? ಕೈ ನಂದೇ ತಾನೆ?" ಎಂದು ಚಮಚ ಕೆಳಗಿಟ್ಟ. "ಪೊಲೀಸ್ನೋರು ಎತ್ಕೊಂಡ ಅಂತಾರೆ, ಪ್ರಣೀತಾ ಯಾರೋ ಕೊಟ್ರು ಅಂತಾಳೆ. ನಂಗೆ ಎರಡೂ ಗೊತ್ತಿಲ್ಲ. ಸಿಟ್ಟು ಅಂತೂ ಬಂದಿತ್ತು ಅಕ್ಕ. ಹಾಸಿಗೆ ತನ್ನಿ ಅಂದಾಗ."

"ಬಂದು ನಗ್ತಾ ಇದ್ದೆ ನೀನು."

"ನಗ್ತಾ ಇದ್ದೆ. ಸಿಟ್ಟೂ ಇತ್ತು."

ಅವನಿಗೆ ಜೈಲಿನ ಭಯ ಇರಲಿಲ್ಲ ಎಂದು ನನಗೆ ಅನ್ನಿಸುವುದು ಆ ಮಾತಿನಿಂದ. ತಾನು ಅದನ್ನು ಎತ್ತಿಕೊಂಡೆನೋ ಇಲ್ಲವೋ ಎಂಬ ಒಂದನ್ನು ಯಾರಾದರೂ ಹೇಳಬೇಕಿತ್ತು ಅವನಿಗೆ.

ಹಿರಿಯ ನಾಗರಿಕರೆಂದು ಪ್ರಣೀತಾ ಅರ್ಜಿ ಹಾಕಿದ್ದರಿಂದ ಸಾಕ್ಷಿ ಬೇಗ ಬಂತು. ಬೇಗ ಎಂದರೆ ಮುಂದಿನ ಮಳೆಗಾಲ. ಆ ದಿನ ಹಳಿಗಳ ಮೇಲೆ ನೀರು ನಿಂತು ಟ್ರೇನುಗಳು ತಡ. ಕೋರ್ಟಿನ ಮೆಟ್ಟಿಲ ತುಂಬ ಒದ್ದೆ ಕೊಡೆಗಳು. ಭುಜಂಗಣ್ಣ ಕುರ್ಲಾದಿಂದ ಬಂದು ತಲುಪುತ್ತಾರೋ ಇಲ್ಲವೋ, ಬಾರದಿದ್ದರೆ ಮತ್ತೆ ತಾರೀಖು. ಅವರು ಬಂದರು, ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು. ಅವರನ್ನು ಆ ವರ್ಷ ನಾನು ಮೊದಲ ಸಲ ನೋಡಿದ್ದು ಆಗಲೇ. ಎಡಗಡೆ ಗಾಜಿನ ಕಣ್ಣು, ಕಪ್ಪು ಕನ್ನಡಕದೊಳಗೆ. ಪಕ್ಕದಲ್ಲಿದ್ದವರನ್ನು ನೋಡಲು ಇಡೀ ಕುತ್ತಿಗೆ ತಿರುಗಿಸುತ್ತಿದ್ದರು. ನಮ್ಮ ಕಡೆ ತಿರುಗಿಸಲಿಲ್ಲ.

ಸರ್ಕಾರಿ ವಕೀಲರ ಪ್ರಶ್ನೆಗಳು ಬೇಗ ಮುಗಿದವು. ಜಗಳವಾಗಿತ್ತೇ, ಆಗಿತ್ತು. ನಾಳೆ ನೋಡಿಕೊಳ್ಳುತ್ತೇನೆ ಎಂದರೇ, ಎಂದರು. ಕೊಕ್ಕೆ ಯಾರ ಕೈಯಲ್ಲಿತ್ತು, ರಾಯರ ಕೈಯಲ್ಲಿ. ಕಣ್ಣಿಗೆ ತಗಲಿದ್ದು ಅದೇ ತಾನೆ, ಅದೇ.

ಪ್ರಣೀತಾ ಎದ್ದಳು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕೋರ್ಟಿನಲ್ಲಿ ಕೇಳಬಾರದೆಂದು ಅವಳ ಸೀನಿಯರು ಹೇಳಿಕೊಟ್ಟಿದ್ದರಂತೆ. ಅವಳಿಗೆ ಕೇಳಲು ಇದ್ದದ್ದು ಅಂಥದ್ದೊಂದೇ. ಮೊದಲು ಸುತ್ತು ಹಾಕಿದಳು. ಕಾಫಿ ಲೋಟ ಬಿದ್ದದ್ದು ನೋಡಿದಿರಾ, ನೋಡಿದೆ. ಆಮೇಲೆ ರಾಯರು ನೆಲಕ್ಕೆ ಬಿದ್ದರಾ, ಬಿದ್ದರು. ಕೈಕಾಲು ಬಡಿದುಕೊಳ್ಳುತ್ತಿದ್ದರಾ, ಹೌದು. ಬಾಯಲ್ಲಿ ನೊರೆ, ಹೌದು. ಇದನ್ನೆಲ್ಲ ಪೊಲೀಸರಿಗೆ ಯಾಕೆ ಹೇಳಲಿಲ್ಲ?

"ಹೊಡೆದದ್ದು ಯಾರು ಅಂತ ಕೇಳಿದ್ರು. ಅದು ಹೇಳಿದೆ" ಎಂದರು ಹಿಂದಿಯಲ್ಲಿ.

"ಆಗ ಕೊಕ್ಕೆ ಎಲ್ಲಿತ್ತು?"

"ಗೋಡೆಗೆ. ನನ್ನ ಪಕ್ಕ."

"ಬಿದ್ದ ಮನುಷ್ಯನ ಕೈಗೆ ಅದು ಹೇಗೆ ಬಂತು?"

ಮ್ಯಾಜಿಸ್ಟ್ರೇಟ್ ಮೇಡಂ ಪೆನ್ನು ಎತ್ತಿ ಕಾದರು. ಫ್ಯಾನು ತಿರುಗುತ್ತಿತ್ತು, ಮೇಲಿನಿಂದ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಪಕ್ಕದಲ್ಲಿ ಆ ಹೋಟೆಲಿನ ಮಾಲೀಕರು ಕೂತಿದ್ದರು. ಅವರ ಮುಖವನ್ನು ಭುಜಂಗಣ್ಣ ಒಮ್ಮೆ ಹುಡುಕಿದರು, ಕುತ್ತಿಗೆ ಪೂರ್ತಿ ಹೊರಳಿಸಿ. ಆಮೇಲೆ ರಘುವನ್ನು ನೋಡಿದರು. ರಘು ಜೇಬಿನೊಳಗೆ ಕೈಯಿಟ್ಟುಕೊಂಡೇ ಎದ್ದು ನಿಂತಿದ್ದ. ಕೂತುಕೊಳ್ಳಿ ಎಂದು ಪೇದೆ ಹೇಳಿದ್ದು ಅವನಿಗೆ ಕೇಳಿಸಲಿಲ್ಲ.

"ನಾನೇ ಕೊಟ್ಟದ್ದು" ಎಂದರು ಭುಜಂಗಣ್ಣ. ಹಿಂದಿಯಲ್ಲಲ್ಲ, ಕನ್ನಡದಲ್ಲಿ, ರಘುವಿಗೆ. "ಕಬ್ಬಿಣ ಹಿಡಿಸಿದ್ರೆ ನಿಲ್ತದೆ ಅಂತ ಊರಲ್ಲಿ ಮಾಡ್ತಾರೆ. ನನ್ನ ದೊಡ್ಡಪ್ಪನಿಗೆ ಇತ್ತು ಈ ಕಾಯಿಲೆ. ಹತ್ತಿರ ಬೇರೆ ಎಂತದೂ ಇರ್ಲಿಲ್ಲ. ಕೈಯಲ್ಲಿ ಇಟ್ಟು ಮುಷ್ಟಿ ಮುಚ್ಚಿದೆ. ಮತ್ತೆ ತಲೆ ಒಡೀಬಾರ್ದು ಅಂತ ಮೇಲೆ ಬಿದ್ದು ಹಿಡ್ಕೊಂಡೆ."

ಹಿಂದಿಯಲ್ಲಿ ಹೇಳಿ ಎಂದರು ಮ್ಯಾಜಿಸ್ಟ್ರೇಟ್. ಭುಜಂಗಣ್ಣ ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದರು, ಎರಡನೆಯ ಸಲ ಇನ್ನೂ ಚಿಕ್ಕದಾಗಿ. ಸ್ಟೆನೋ ಟೈಪು ಮಾಡಿದಳು.

ಸರ್ಕಾರಿ ವಕೀಲರು ಮತ್ತೆ ಎದ್ದು, ಫಿಟ್ಸ್ ಇದೆಯೆಂದು ಗೊತ್ತಿರುವ ಮನುಷ್ಯ ಜನರಿರುವ ಕಡೆ ಯಾಕೆ ಹೋಗಬೇಕು ಎಂದು ವಾದಿಸಿದರು. ಪ್ರಣೀತಾಳಿಗೆ ಆಗ ಧೈರ್ಯ ಬಂದಿತ್ತು. ಅವರು ಕಾರು ಓಡಿಸಲು ಹೋಗಿರಲಿಲ್ಲ, ಇಡ್ಲಿ ತಿನ್ನಲು ಹೋಗಿದ್ದರು ಎಂದಳು. ಮ್ಯಾಜಿಸ್ಟ್ರೇಟ್ ತಲೆ ತಗ್ಗಿಸಿ ಬರೆದುಕೊಂಡರು, ನಕ್ಕರೋ ಏನೋ.

ಹೊರಗೆ ಕಾರಿಡಾರಿನಲ್ಲಿ ಭುಜಂಗಣ್ಣ ಕೊಡೆ ಹುಡುಕುತ್ತಿದ್ದರು. ಎಡಗಡೆಯೇ ಇತ್ತು, ಅವರಿಗೆ ಕಾಣುತ್ತಿರಲಿಲ್ಲ. ತೆಗೆದುಕೊಟ್ಟೆ.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದೆ. ಥ್ಯಾಂಕ್ಸ್ ಎನ್ನಬೇಕಿತ್ತು, ಬಾಯಿಗೆ ಬಂದದ್ದು ಅದು.

"ಎಂತ ಹೇಳುದು ಅಮ್ಮ. ತನ್ನ ಕಣ್ಣಿಗೆ ತಾನೇ ಕೊಕ್ಕೆ ಕೊಟ್ಟವ ಅಂತ ಊರಲ್ಲಿ ನಗ್ತಾರೆ. ಹೆಂಡತಿಗೂ ಹೇಳ್ಲಿಲ್ಲ. ಮಾಲೀಕರು ಪರಿಹಾರ ಸಿಗ್ತದೆ ಅಂತಿದ್ರು, ಅದೂ ಒಂದು." ಕೊಡೆಯ ನೀರು ಕೊಡವಿದರು. "ಮತ್ತೆ, ನೀವು ಒಂದು ಸಲ ಆಸ್ಪತ್ರೆಗೆ ಬರ್ತೀರಿ ಅಂತ ಇತ್ತು ನಂಗೆ. ಬಂದಿದ್ರೆ ಆವತ್ತೇ ಹೇಳ್ತಿದ್ದೆ. ದೊಡ್ಡ ಜನ, ಬರ್ಲಿಲ್ಲ ನೀವು."

ಬರಬಾರದೆಂದು ವಕೀಲರು ಹೇಳಿದ್ದರು ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಅವರು ಅಷ್ಟು ಹೊತ್ತು ನಿಲ್ಲಲಿಲ್ಲ, ಟ್ರೇನ್ ಮತ್ತೆ ನಿಂತೀತೆಂದು ಮೆಟ್ಟಿಲಿಳಿದರು, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ.

ಶ್ರಾವಣದಲ್ಲಿ ತೀರ್ಪು ಬಂತು. ಖುಲಾಸೆ. ಕೃತ್ಯವು ಆರೋಪಿಯ ಇಚ್ಛೆಯಿಂದ ಆದದ್ದಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಪ್ರಣೀತಾ ಪೇಡೆ ತಂದಳು. ರಘು ತೀರ್ಪನ್ನು ಪೂರ್ತಿ ಓದಿದ, ಪೇಪರ್ ಓದುವ ಹಾಗೆಯೇ, ಅಂಚಿನಿಂದ ಅಂಚಿಗೆ. ಆಮೇಲೆ ಎಡಗೈಯಲ್ಲಿ ಪೇಡೆ ತೆಗೆದುಕೊಂಡ. ಕೋರ್ಟು ಅವನನ್ನು ಖುಲಾಸೆ ಮಾಡಿತ್ತು, ಅವನು ತನ್ನ ಬಲಗೈಯನ್ನು ಖುಲಾಸೆ ಮಾಡಿರಲಿಲ್ಲ. ಇಂದಿಗೂ ಮನೆಯಲ್ಲಿ ಚಮಚವೇ, ಎಡಗೈಯೇ. ನಾನು ಹೇಳುವುದನ್ನು ನಿಲ್ಲಿಸಿದೆ. ಈಗ ಅವನು ಪಾರ್ಕಿನಲ್ಲಿ ವಾಕಿಂಗ್ ಎಂದು ಬೆಳಗ್ಗೆ ಹೋಗುತ್ತಾನೆ, ಬಂದು ಒಂದು ಬ್ರೆಡ್ ಸ್ಲೈಸಿಗಿಂತ ಹೆಚ್ಚು ತಿನ್ನುವುದಿಲ್ಲ. ವಯಸ್ಸು ಎಂದುಕೊಂಡಿದ್ದೆ.

ಹೋದ ವಾರ ಆ ಸೂರಿನ ಕೆಳಗೆ ನಿಂತಾಗ ಮಳೆ ನಿಲ್ಲುವ ಲಕ್ಷಣ ಇರಲಿಲ್ಲ. ಯಾರೋ ಒಳಗಿನಿಂದ ಶಟರ್ ಎತ್ತಿದರು. "ಒಳಗೆ ಬನ್ನಿ ಅಮ್ಮ, ನೆನೀತೀರಿ."

ಭುಜಂಗಣ್ಣ ಗಲ್ಲಾದಲ್ಲಿದ್ದರು, ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿದರು. ಗುರುತು ಸಿಕ್ಕಿತೆಂದು ಮುಖದಲ್ಲಿ ಕಂಡಿತು. ಒಳಗಿನವರಿಗೆ ಒಂದು ಕಾಫಿ ಎಂದು ಕೂಗಿದರು. ನಾನು ಗಲ್ಲಾಕ್ಕೆ ಆನಿಕೊಂಡು ನಿಂತೆ. ಗೋಡೆಗೆ ಕೊಕ್ಕೆ ಒರಗಿರಲಿಲ್ಲ. ಅಲ್ಲಿದ್ದ ಒಂದು ಮೊಳೆಗೆ ಕೆಂಪು ದಾರದಲ್ಲಿ ಹಳೆಯ ಬೀಗದ ಕೈಯೊಂದು ನೇತಾಡುತ್ತಿತ್ತು. ಅಂಗೈ ಉದ್ದದ ದಪ್ಪ ಕಬ್ಬಿಣದ ಕೈ, ಊರ ಮನೆಗಳ ಹೆಬ್ಬಾಗಿಲಿನದು. ಹಲ್ಲುಗಳನ್ನೆಲ್ಲ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು.

"ಯಾವ ಬೀಗದ್ದು ಇದು?"

"ಬೀಗ ಇಲ್ಲ ಅದಕ್ಕೆ. ಊರಿಂದ ತರಿಸಿದ್ದು. ರಾಯರದ್ದು" ಎಂದು ಗದ್ದ ಎತ್ತಿ ಒಳಗೆ ತೋರಿಸಿದರು. "ಚೂಪು ಎಂತದೂ ಇಲ್ಲ ಈಗ. ಮುಟ್ಟಿ ನೋಡಿ."

ಫ್ಯಾನಿನ ಕೆಳಗಿನ ಮೂಲೆ ಟೇಬಲ್ಲಿನಲ್ಲಿ ಒಬ್ಬರು ನನಗೆ ಬೆನ್ನು ಹಾಕಿ ಕೂತಿದ್ದರು. ಪೇಪರನ್ನು ನಾಲ್ಕು ಮಡಿಕೆ ಮಾಡಿ ನೀರಿನ ಲೋಟಕ್ಕೆ ಒರಗಿಸಿಕೊಂಡಿದ್ದರು. ಆ ನೀಲಿ ಶರಟನ್ನು ಹಿಂದಿನ ಸಂಜೆ ಇಸ್ತ್ರಿ ಮಾಡಿಟ್ಟವಳು ನಾನು. ರಘು ಬಲಗೈಯಲ್ಲಿ ಇಡ್ಲಿ ಮುರಿದು ಸಾಂಬಾರಿನಲ್ಲಿ ಅದ್ದಿ ತಿನ್ನುತ್ತಿದ್ದ, ಬೆರಳ ಗಿಣ್ಣಿನವರೆಗೆ ಸಾಂಬಾರು.

"ದಿನಾ ಬರ್ತಾನಾ?"

"ದಿನಾ. ನಿಮಗೆ ಹೇಳ್ಲಿಲ್ವಾ?" ಭುಜಂಗಣ್ಣ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು. "ಈಗಲೂ ಅದೇ, ಎದ್ದೇಳುದಿಲ್ಲ. ಹಾಸಿಗೆ ಒಂದು ಬಾಕಿ."

ಕೈಗೆ ಏನೂ ಕೊಡಬಾರದು, ಮಗ್ಗುಲಿಗೆ ಹೊರಳಿಸಿ ಮಲಗಿಸಿದರೆ ಸಾಕು ಎಂದು ಪರೇಲ್‌ನ ಡಾಕ್ಟರು ಹೇಳಿಕೊಟ್ಟದ್ದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬೀಗದ ಕೈಯನ್ನು ಮುಟ್ಟಿ ನೋಡಿದೆ. ನುಣ್ಣಗಿತ್ತು, ತಣ್ಣಗಿತ್ತು. ತಣ್ಣಗಿದೆಯೆಂದು ನನ್ನ ಬೆರಳಿಗೆ ತಿಳಿಯಿತು.

"ಸಾಕಲ್ವಾ ಅಮ್ಮ ಇದು?" ಎಂದರು ಭುಜಂಗಣ್ಣ.

"ಸಾಕು."

"ರಾಯರನ್ನು ಕರೀಲಾ?"

"ಬೇಡ" ಎಂದೆ. "ತಿನ್ನಲಿ."